ಕಲ್ಲನ್ನು ಕಾಗದಕ್ಕೆ ಇಳಿಸಿದ ಬಿ. ಎಲ್. ರೈಸ್

ಅವೆನ್ಯೂ ರೋಡಿಗೆ ಸೆಕೆಂಡ್ ಹ್ಯಾಂಡ್ ಪುಸ್ತಕ ತರೋಕೆ ಹೋಗದ ಎಂಜಿನಿಯರಿಂಗ್ ವಿದ್ಯಾರ್ಥಿ ಬೆಂಗಳೂರಿನಲ್ಲಿ ಕಮ್ಮಿ. ಅದೇ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚ್ ಇದೆ. ಅದರ ಮುಂದೆ ಎಷ್ಟೋ ಸಲ ಓಡಾಡಿರ್ತೀವಿ, ಯಾರು ಈ ರೈಸ್ ಅಂತ ಕೇಳಿರಲ್ಲ. ಚರ್ಚಿನ ಹೆಸರು ಬೆಂಜಮಿನ್ ರೈಸ್ ಎಂಬ ಪಾದ್ರಿಯದು. ನಾವು ಈ ಸಲ ಬರೆಯುತ್ತಿರುವುದು ಅವರ ಮಗ ಬೆಂಜಮಿನ್ ಲೂಯಿಸ್ ರೈಸ್ ಬಗ್ಗೆ. ಕನ್ನಡದವರು ಅವರನ್ನು ಶಾಸನ ಪಿತಾಮಹ ಅಂತ ಕರೆಯುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ, ಮೈಸೂರು ಸಂಸ್ಥಾನದ ಸಾವಿರಾರು ಹಳೆಯ ದಾಖಲೆಗಳನ್ನು ಮೊದಲ ಸಲ ದೊಡ್ಡ ಮಟ್ಟದಲ್ಲಿ ಸ್ಕ್ಯಾನ್ ಮಾಡಿಸಿದವರು ಅವರು. ಆಗ ಸ್ಕ್ಯಾನರ್ ಇರಲಿಲ್ಲ, ದಾಖಲೆಗಳು ಕಾಗದದ ಮೇಲೂ ಇರಲಿಲ್ಲ. ಅವೆಲ್ಲ ಕಲ್ಲಿನ ಮೇಲೆ, ತಾಮ್ರದ ತಗಡಿನ ಮೇಲೆ ಇದ್ದವು.

ರೈಸ್ ಹುಟ್ಟಿದ್ದು ಬೆಂಗಳೂರಲ್ಲೇ, 1837ರ ಜುಲೈ 17ರಂದು. ತಂದೆ ಲಂಡನ್ ಮಿಷನ್ನಿನವರು, ಕನ್ನಡ ಚೆನ್ನಾಗಿ ಕಲಿತವರು. ಹಾಗಾಗಿ ಮಗನಿಗೆ ಕನ್ನಡ ಬೆಳೆಯುತ್ತಲೇ ಕಿವಿಗೆ ಬಿದ್ದ ಭಾಷೆ. ಓದಿಗೆ ಇಂಗ್ಲೆಂಡಿಗೆ ಹೋಗಿ, ಡಿಗ್ರಿ ಮುಗಿಸಿ, 1860ರಲ್ಲಿ ವಾಪಸ್ ಬಂದು ಬೆಂಗಳೂರು ಹೈಸ್ಕೂಲಿನ ಮುಖ್ಯೋಪಾಧ್ಯಾಯರಾದರು. ಆಗ ಅವರ ವಯಸ್ಸು ಬರೀ 23. ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜು ಆಯ್ತು.

1865ರಲ್ಲಿ ಅವರನ್ನು ಮೈಸೂರು ಮತ್ತು ಕೊಡಗಿನ ಶಾಲೆಗಳ ಇನ್‌ಸ್ಪೆಕ್ಟರ್ ಮಾಡಿದರು. ಹೋಬಳಿಗೊಂದು ಶಾಲೆ ಬೇಕು ಅನ್ನೋ ಯೋಜನೆ ಜಾರಿಗೆ ಬಂದದ್ದರ ಹಿಂದೆ ಅವರ ಕೈ ಇತ್ತು. ಶಾಲೆ ತಪಾಸಣೆ ಅಂದ್ರೆ ಊರೂರು ಸುತ್ತಬೇಕು. ಸುತ್ತುವಾಗ ದೇವಸ್ಥಾನದ ಅಂಗಳದಲ್ಲಿ, ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅಕ್ಷರ ಕೆತ್ತಿದ ಕಲ್ಲುಗಳು ಕಣ್ಣಿಗೆ ಬೀಳುತ್ತಿದ್ದವು. ಊರಿನವರಿಗೆ ಅದು ಪೂಜೆಯ ಕಲ್ಲು, ಇಲ್ಲಾಂದ್ರೆ ಬಟ್ಟೆ ಒಗೆಯೋ ಕಲ್ಲು. ಓದೋಕೆ ಬರುವವರು ಊರಲ್ಲಿ ಯಾರೂ ಉಳಿದಿರಲಿಲ್ಲ. ಭಾಷೆ ಕನ್ನಡವೇ ಆದರೂ ಲಿಪಿ ಎಷ್ಟೋ ಬದಲಾಗಿತ್ತು.

ಶಾಸನ ಅಂದ ಕೂಡಲೇ ರಾಜರ ಹೊಗಳಿಕೆ ಅಂತ ನಾವು ಅಂದ್ಕೋತೀವಿ. ಅದು ಇರುತ್ತೆ, ಆದರೆ ಅದಾದ ಮೇಲೆ ಬರುವುದೇ ನಿಜವಾದ ವಿಷಯ. ಯಾರು, ಯಾವ ಶಕವರ್ಷದಲ್ಲಿ, ಯಾರಿಗೆ, ಯಾವ ಕೆರೆಯ ಕೆಳಗಿನ ಎಷ್ಟು ಗದ್ದೆ ಕೊಟ್ಟರು, ಅದರ ನಾಲ್ಕು ಗಡಿ ಯಾವುವು, ಯಾವ ತೆರಿಗೆ ಬಿಟ್ಟರು, ಸಾಕ್ಷಿ ಯಾರು. ಈಗಿನ ಪಹಣಿಯಲ್ಲಿ, ದಾನಪತ್ರದಲ್ಲಿ ಇರುವುದೂ ಹೆಚ್ಚುಕಮ್ಮಿ ಇದೇ. ಕಲ್ಲಿನ ತಲೆಯ ಮೇಲೆ ಸೂರ್ಯ ಚಂದ್ರ ಕೆತ್ತಿರುತ್ತಾರೆ, ಅವೆರಡು ಇರೋ ತನಕ ಈ ದಾನ ನಡೆಯಲಿ ಅಂತ. ಕೊನೆಯಲ್ಲಿ ಶಾಪ: ದಾನದ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ. ಆ ಕಾಲದ ಸೆಕ್ಯುರಿಟಿ ಅಷ್ಟೇ!

ಈ ಕಲ್ಲುಗಳನ್ನು ನಕಲು ಮಾಡಬೇಕು ಅನ್ನೋ ಯೋಚನೆ ರೈಸ್ ಅವರೊಬ್ಬರದೇ ಅಲ್ಲ. 1865ರಲ್ಲೇ ಮೇಜರ್ ಡಿಕ್ಸನ್ ಎಂಬ ಸೇನಾಧಿಕಾರಿ ಸಂಸ್ಥಾನದ ಶಾಸನಗಳ ಫೋಟೋ ತೆಗೆದಿದ್ದರು. ಫೋಟೋಗ್ರಫಿ ಇನ್ನೂ ಹೊಸದಾಗಿದ್ದ ಕಾಲ ಅದು. ಆದರೆ ಫೋಟೋ ತೆಗೆದಿಟ್ಟರೆ ಕೆಲಸ ಮುಗಿಯಲ್ಲ, ಅದನ್ನು ಓದುವವರು ಬೇಕು. ಆ ಫೋಟೋಗಳನ್ನು ಓದಿ ಅನುವಾದಿಸುವ ಕೆಲಸ ರೈಸ್ ಅವರಿಗೆ ಬಂತು. ಪಂಡಿತರ ಜೊತೆ ಕೂತು ಹಳಗನ್ನಡ, ಸಂಸ್ಕೃತ ಬಿಡಿಸಿ, 1879ರಲ್ಲಿ ಮೈಸೂರು ಇನ್‌ಸ್ಕ್ರಿಪ್ಶನ್ಸ್ ಎಂಬ ಪುಸ್ತಕ ತಂದರು. ಅಷ್ಟರಲ್ಲಿ ಅವರು ಬರೆದ ಮೈಸೂರು ಗೆಜೆಟಿಯರ್ ಕೂಡ ಬಂದಿತ್ತು. 1881ರ ಜನಗಣತಿಯ ಹೊಣೆಯೂ ಅವರ ಮೇಲೆ ಬಿತ್ತು. ಲೆಕ್ಕ ಇಡೋದು, ಪಟ್ಟಿ ಮಾಡೋದು, ವಿಂಗಡಿಸೋದು ಅವರಿಗೆ ಕೈಗೆ ಹತ್ತಿದ ಕೆಲಸ ಆಗಿಹೋಯಿತು.

1885ರಲ್ಲಿ ಮೈಸೂರು ಸಂಸ್ಥಾನ ಪುರಾತತ್ವ ಇಲಾಖೆ ಶುರು ಮಾಡಿ ರೈಸ್ ಅವರಿಗೆ ವಹಿಸಿತು. ಮೊದಲು ಬೇರೆ ಕೆಲಸದ ಜೊತೆಗೆ, 1890ರಿಂದ ಪೂರ್ತಿ ಅದೇ ಕೆಲಸ. ಗುರಿ ಸರಳ: ಸಂಸ್ಥಾನದ ಒಂದೊಂದು ತಾಲ್ಲೂಕಿನ ಒಂದೊಂದು ಹಳ್ಳಿಗೂ ಹೋಗಿ, ಸಿಕ್ಕಿದ ಎಲ್ಲ ಶಾಸನದ ನಕಲು ತರಬೇಕು.

ಕಲ್ಲಿನ ನಕಲು ತೆಗೆಯೋದಕ್ಕೆ ಪಡಿಯಚ್ಚು ಅಂತಾರೆ. ಕಲ್ಲನ್ನು ನೀರು ಹಾಕಿ ಬ್ರಷ್‌ನಲ್ಲಿ ಉಜ್ಜಿ ತೊಳೆಯಬೇಕು. ಒದ್ದೆ ಕಾಗದ ಹಾಸಿ, ಅಕ್ಷರದ ಕುಳಿಯೊಳಗೆ ಕಾಗದ ಇಳಿಯುವ ತನಕ ಬ್ರಷ್‌ನಿಂದ ಬಡಿಯಬೇಕು. ಮೇಲೆ ಮಸಿ ಹಚ್ಚಿದರೆ ಕಲ್ಲಿನ ಮೈ ಕಪ್ಪಾಗುತ್ತೆ, ಕುಳಿಯಲ್ಲಿರುವ ಅಕ್ಷರ ಬಿಳಿಯಾಗಿ ಉಳಿಯುತ್ತೆ. ಒಣಗಿದ ಮೇಲೆ ಕಾಗದ ಬಿಡಿಸಿದರೆ ಕಲ್ಲಿನಷ್ಟೇ ಅಳತೆಯ ಪ್ರತಿ ಕೈಯಲ್ಲಿ. ಒಂದಕ್ಕೊಂದು ಅಳತೆ, ಪೂರ್ತಿ ಕಪ್ಪು ಬಿಳುಪು. ಗಾಳಿ ಬಂದರೆ ಕಾಗದ ಹರಿಯುತ್ತೆ, ಮಳೆ ಬಂದರೆ ಮಸಿ ಹರಡುತ್ತೆ.

ಹೀಗೆ ತಂದ ನಕಲುಗಳು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳಾದವು. ಮೊದಲ ಸಂಪುಟ ಕೊಡಗಿನದು, 1886ರಲ್ಲಿ ಬಂತು. ಎರಡನೆಯದು ಶ್ರವಣಬೆಳಗೊಳ, 1889. ಆಮೇಲೆ ಜಿಲ್ಲೆಗಳ ಪ್ರಕಾರ ಒಂದೊಂದಾಗಿ ಒಟ್ಟು 12 ಸಂಪುಟ, ಸುಮಾರು 9,000 ಶಾಸನ. ನಮ್ಮ ಬೆಂಗಳೂರು ಜಿಲ್ಲೆಯದು 9ನೇ ಸಂಪುಟ, 1905ರಲ್ಲಿ ಅಚ್ಚಾಯಿತು.

ಸಂಪುಟದ ವ್ಯವಸ್ಥೆ ನೋಡಿದರೆ ನಮ್ಮ ಡೇಟಾಬೇಸ್ ಕ್ಲಾಸ್ ನೆನಪಾಗುತ್ತೆ. ಒಂದೇ ಶಾಸನ ಮೂರು ರೂಪದಲ್ಲಿ ಸಿಗುತ್ತದೆ: ಕನ್ನಡ ಲಿಪಿಯಲ್ಲಿ ಪಠ್ಯ, ರೋಮನ್ ಲಿಪಿಯಲ್ಲಿ ಪಠ್ಯ, ಇಂಗ್ಲಿಷ್ ಅನುವಾದ. ಆಯ್ದ ಕೆಲವಕ್ಕೆ ಚಿತ್ರವೂ ಉಂಟು. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರು ಮತ್ತು ಒಂದು ಸಂಖ್ಯೆ. ದೊಡ್ಡಬಳ್ಳಾಪುರಕ್ಕೆ ಡಿಬಿ, ದೇವನಹಳ್ಳಿಗೆ ಡಿವಿ, ಹೊಸಕೋಟೆಗೆ ಎಚ್‌ಟಿ, ನೆಲಮಂಗಲಕ್ಕೆ ಎನ್‌ಎಲ್. ಜೊತೆಗೆ ಯಾವ ಊರು, ಊರಿನ ಯಾವ ಜಾಗದಲ್ಲಿ ಕಲ್ಲು ಇದೆ ಅನ್ನೋ ವಿಳಾಸ. ನೂರು ವರ್ಷ ಆದ ಮೇಲೂ ಸಂಶೋಧಕರು ಅದೇ ಸಂಖ್ಯೆ ಹೇಳಿ ಮಾತಾಡುತ್ತಾರೆ. 1986ರಲ್ಲಿ ಬೆಂಗಳೂರು ಗ್ರಾಮಾಂತರ ಬೇರೆ ಜಿಲ್ಲೆಯಾದರೂ ಆ ಸಂಖ್ಯೆ ಬದಲಾಗಿಲ್ಲ. ಸ್ಕ್ಯಾನ್ ಮಾಡಿದ ಸಾವಿರ ಫೈಲಿಗೆ ಹೆಸರು ಕೊಡದೆ ಒಂದೇ ಫೋಲ್ಡರಿಗೆ ಸುರಿದರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ರೈಸ್ ಅವರ ನಕಲು ಬದುಕಿದ್ದು ಆ ಸಂಖ್ಯೆಗಳಿಂದಲೂ ಹೌದು.

ಒಂದು ಉದಾಹರಣೆ ನೋಡಿ. ನೆಲಮಂಗಲ ತಾಲ್ಲೂಕಿನ ಮಣ್ಣೆ ಈಗ ಚಿಕ್ಕ ಊರು. ಅಲ್ಲಿ ಸಿಕ್ಕ ಎರಡು ತಾಮ್ರಪಟಗಳು ನೆಲಮಂಗಲ 60 ಮತ್ತು 61 ಅಂತ ಸಂಪುಟದಲ್ಲಿ ಸೇರಿವೆ. ಒಂದು 797ರದು, ಗಂಗರ ಮಾರಸಿಂಹನ ಕಾಲದ್ದು. ಇನ್ನೊಂದು 802ರದು, ಅಷ್ಟರಲ್ಲಿ ರಾಷ್ಟ್ರಕೂಟರ ಅಧಿಕಾರ ಬಂದಿದೆ. ಎರಡರಲ್ಲೂ ಶ್ರೀವಿಜಯನೆಂಬ ಅಧಿಕಾರಿ ಮಾನ್ಯಪುರದಲ್ಲಿ ಕಟ್ಟಿಸಿದ ಜಿನಾಲಯದ ವಿಷಯ ಬರುತ್ತದೆ. ಮಾನ್ಯಪುರ ಅಂದ್ರೆ ಇದೇ ಮಣ್ಣೆ, ಒಂದು ಕಾಲದಲ್ಲಿ ಗಂಗ ರಾಜರು ವಾಸವಾಗಿದ್ದ ಪಟ್ಟಣ. ಈಗ ಮಣ್ಣೆಯ ದಾರಿಯಲ್ಲಿ ಹೋಗುವವರಿಗೆ ಇದು ರಾಜಧಾನಿಯಂತಿದ್ದ ಊರು ಅಂತ ಊಹಿಸೋದೂ ಕಷ್ಟ.

ರೈಸ್ ಅವರಿಗೆ ಹೆಚ್ಚು ಹೆಸರು ತಂದದ್ದು 1892ರ ಶೋಧ. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಅವರು ಕಂಡುಹಿಡಿದರು. ಅಶೋಕನ ಆಳ್ವಿಕೆ ಕರ್ನಾಟಕದ ತನಕ ಬಂದಿತ್ತು ಅನ್ನೋದಕ್ಕೆ ಬಂಡೆಯೇ ಸಾಕ್ಷಿಯಾಯಿತು. ಅದರಲ್ಲೊಂದು ಸಣ್ಣ ವಿಷಯ ನಮಗೆ ತುಂಬ ಇಷ್ಟ. ಶಾಸನ ಬರೆದವನು ಚಪಡ ಎಂಬ ಲಿಪಿಕಾರ. ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, ಕೊನೆಯ ಪದವನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ, ಅದು ಬಲದಿಂದ ಎಡಕ್ಕೆ ಹೋಗುವ ಲಿಪಿ. ಯಾರಾದರೂ ಪಠ್ಯವನ್ನು ಮಾತ್ರ ಟೈಪ್ ಮಾಡಿ ಮೂಲದ ಚಿತ್ರ ಬಿಸಾಕಿದ್ದರೆ, ಆ ಮನುಷ್ಯ ಎಲ್ಲಿಂದ ಬಂದಿರಬಹುದು ಅನ್ನೋ ಸುಳಿವೇ ಹೋಗುತ್ತಿತ್ತು. ಅಕ್ಷರ ಬೇರೆ, ಅಕ್ಷರದ ರೂಪ ಬೇರೆ. ನಕಲು ಮಾಡುವಾಗ ಎರಡೂ ಬೇಕು.

ಎಲ್ಲರೂ ರೈಸ್ ಅವರನ್ನು ಒಪ್ಪಿದರು ಅಂತ ಅಲ್ಲ. ಮುಂಬೈ ಪ್ರಾಂತ್ಯದ ಅಧಿಕಾರಿ ಜೆ. ಎಫ್. ಫ್ಲೀಟ್ ಕೂಡ ಕನ್ನಡ ಶಾಸನಗಳ ದೊಡ್ಡ ವಿದ್ವಾಂಸರು. ಗಂಗರ ತಾಮ್ರಪಟಗಳಲ್ಲಿ ಬಹಳಷ್ಟು ನಕಲಿ, ಜಮೀನಿನ ಹಕ್ಕು ಸಾಧಿಸೋಕೆ ಆಮೇಲೆ ಯಾರೋ ಮಾಡಿಸಿದ್ದು ಅಂತ ಅವರು ವಾದಿಸಿದರು. ರೈಸ್ ಬಿಟ್ಟುಕೊಡಲಿಲ್ಲ. ವರ್ಷಗಟ್ಟಲೆ ಇಬ್ಬರ ಜಗಳ ನಡೆಯಿತು. ಕೆಲವು ಪಟಗಳ ಮೇಲೆ ಅನುಮಾನ ನಿಜವಾಗಿಯೂ ಉಳಿಯಿತು. ರೈಸ್ ಅವರ ಓದಿನಲ್ಲಿ, ಕಾಲನಿರ್ಣಯದಲ್ಲಿ ತಪ್ಪುಗಳೂ ಇದ್ದವು. ಮೈಸೂರು ವಿಶ್ವವಿದ್ಯಾಲಯ 1972ರಿಂದ ಸಂಪುಟಗಳನ್ನು ಪರಿಷ್ಕರಿಸಿ ಮತ್ತೆ ತರಬೇಕಾಯಿತು. ಆದರೆ ಪಠ್ಯ ಎಲ್ಲರ ಕೈಗೆ ಸಿಕ್ಕಿದ್ದರಿಂದ ತಾನೇ ಜಗಳ ಸಾಧ್ಯವಾಗಿದ್ದು? ನಕಲು ಮಾಡಿದ ತಕ್ಷಣ ಸುಳ್ಳು ದಾಖಲೆ ನಿಜ ಆಗಲ್ಲ. ನಾಲ್ಕು ಜನ ನೋಡಿ ಪರೀಕ್ಷಿಸೋಕೆ ದಾರಿ ಆಗುತ್ತೆ, ಅಷ್ಟೇ. ಆ ಅಷ್ಟೇ ಅನ್ನೋದು ಸಣ್ಣದಲ್ಲ.

ಇದನ್ನೆಲ್ಲ ಒಬ್ಬರೇ ಮಾಡೋಕೆ ಆಗಲ್ಲ ಅನ್ನೋದೂ ಹೇಳಬೇಕು. ಬಿಸಿಲಲ್ಲಿ ಕಲ್ಲು ತೊಳೆದವರು, ಪಡಿಯಚ್ಚು ತೆಗೆದವರು, ಕೈಬರಹದಲ್ಲಿ ಪ್ರತಿ ಮಾಡಿದವರು, ಅರ್ಥ ಬಿಡಿಸಿದ ಪಂಡಿತರು ಹಲವರು. ಪುಸ್ತಕದ ಮುಖಪುಟದಲ್ಲಿ ಅವರ ಹೆಸರಿಲ್ಲ. ಇಲಾಖೆಯಲ್ಲಿ ಸಹಾಯಕರಾಗಿ ಬಂದ ಆರ್. ನರಸಿಂಹಾಚಾರ್ ಮುಂದೆ ರೈಸ್ ಅವರ ಜಾಗಕ್ಕೇ ಬಂದು, ತಾವೂ ದೊಡ್ಡ ವಿದ್ವಾಂಸರೆನಿಸಿಕೊಂಡರು. ಓಲೆಗರಿಯಲ್ಲಿದ್ದ ಹಳಗನ್ನಡ ಕೃತಿಗಳನ್ನೂ ಬಿಬ್ಲಿಯೊಥೆಕಾ ಕರ್ನಾಟಿಕಾ ಎಂಬ ಮಾಲೆಯಲ್ಲಿ ರೈಸ್ ಅಚ್ಚು ಹಾಕಿಸಿದರು. 1898ರಲ್ಲಿ ಪಂಪಭಾರತ ಬಂದದ್ದು ಹಾಗೆ. ನಾವು ಪಿಯುಸಿಯಲ್ಲಿ ಓದಿದ ಹಳಗನ್ನಡದ ಹಿಂದೆ ಇಂಥ ಮಾಲೆಗಳ ಋಣ ಇದೆ.

1906ರಲ್ಲಿ ರೈಸ್ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದರು. 1909ರಲ್ಲಿ ಆ ಎಲ್ಲ ಶಾಸನಗಳ ಸಾರ ಸೇರಿಸಿ ಮೈಸೂರು ಮತ್ತು ಕೊಡಗಿನ ಇತಿಹಾಸ ಬರೆದರು. 1927ರ ಜುಲೈ 10ರಂದು ಲಂಡನ್ ಹತ್ತಿರದ ಹ್ಯಾರೋದಲ್ಲಿ ತೀರಿಕೊಂಡಾಗ, ಅವರಿಗೆ 90 ತುಂಬೋಕೆ ಒಂದು ವಾರ ಬಾಕಿ ಇತ್ತು.

ಆಮೇಲೆ ಏನಾಯ್ತು? ಅವರ ಕಣ್ಣು ತಪ್ಪಿದ ಕಲ್ಲುಗಳು ಸಿಗುತ್ತಾ ಹೋದವು. ಹಲ್ಮಿಡಿ ಶಾಸನ ಎಂ. ಎಚ್. ಕೃಷ್ಣ ಅವರಿಗೆ ಸಿಕ್ಕಿದ್ದು 1936ರಲ್ಲಿ. ಇನ್ನೊಂದು ಕಡೆ, ಅವರು ನೋಡಿದ್ದ ಕಲ್ಲುಗಳು ಹೋಗುತ್ತಾ ಬಂದವು. ಬೆಂಗಳೂರು ಬೆಳೆದ ಹಾಗೆ ಹಳ್ಳಿ ಹೋಗಿ ಲೇಔಟ್ ಬಂತು, ಕೆರೆ ಏರಿ ಹೋಗಿ ರಸ್ತೆ ಬಂತು. ಕಲ್ಲು ಪಾಯಕ್ಕೆ ಸೇರಿತು, ಚರಂಡಿಯ ಚಪ್ಪಡಿ ಆಯಿತು. ಅಂಥ ಎಷ್ಟೋ ಕಲ್ಲುಗಳಿಗೆ ಈಗ ಉಳಿದಿರುವ ಆಧಾರ 9ನೇ ಸಂಪುಟದ ಪುಟ ಒಂದೇ. ಸೂರ್ಯ ಚಂದ್ರ ಇರೋ ತನಕ ಅಂತ ಕೆತ್ತಿದ ಕಲ್ಲಿಗಿಂತ ಕಾಗದ ಹೆಚ್ಚು ದಿನ ಬಾಳಿತು. ಕಾಗದ ಗಟ್ಟಿ ಅಂತ ಅಲ್ಲ, ಒಂದರಿಂದ ನೂರಾರು ಪ್ರತಿಯಾಗಿ ಬೇರೆ ಬೇರೆ ಊರಿನ ಲೈಬ್ರರಿಗಳಿಗೆ ಹೋಗಿತ್ತು ಅಂತ.

ಈಗ ಮತ್ತೊಂದು ಸುತ್ತಿನ ನಕಲು ನಡೀತಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಮುತ್ತಲ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದೆ. ಅವರಿಗೂ ಹುಡುಕಾಟದ ಪಟ್ಟಿ ರೈಸ್ ಅವರ ಸಂಪುಟವೇ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರ ಸ್ಕ್ಯಾನಿನಲ್ಲಿ ಎದ್ದು ಬರುವುದುಂಟು. ಸರ್ಕಾರದ ಕಡೆಯಿಂದ, ಪಹಣಿಯನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆ ಹಳೆಯದಾಯ್ತು, ಈಗ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಾಗದಗಳನ್ನು ಭೂ ಸುರಕ್ಷಾ ಯೋಜನೆಯಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ದೇವನಹಳ್ಳಿ, ಹೊಸಕೋಟೆ ಕಡೆ ಜಮೀನಿನ ಬೆಲೆ ಎಲ್ಲಿಗೆ ಹೋಗಿದೆ ಅಂತ ಗೊತ್ತಲ್ಲ. ಅಲ್ಲಿ ಒಂದು ಹಳೇ ಹಾಳೆ ಕಳೆದುಹೋದರೆ ಒಂದು ಮನೆಯವರು ಹತ್ತು ವರ್ಷ ಕೋರ್ಟಿಗೆ ಅಲೆಯಬೇಕಾಗಬಹುದು.

ಇವತ್ತು ಸ್ಕ್ಯಾನ್ ಮಾಡುವವರಿಗೆ ರೈಸ್ ಅವರ ಬದುಕಿನಿಂದ ಸಿಗುವ ಪಾಠ ತುಂಬ ಪ್ರಾಕ್ಟಿಕಲ್ ಆದದ್ದು. ಹಾಳಾಗುವ ಮೊದಲೇ ನಕಲು ಮಾಡಿ. ಪಠ್ಯದ ಜೊತೆ ಚಿತ್ರವನ್ನೂ ಇಡಿ. ಪ್ರತಿಯೊಂದಕ್ಕೂ ಸಂಖ್ಯೆ, ವಿಳಾಸ ಕೊಡಿ. ಒಂದೇ ಕಡೆ ಇಡಬೇಡಿ. ನಕಲು ಆಯ್ತಲ್ಲ ಅಂತ ಮೂಲವನ್ನು ಬಿಸಾಕಬೇಡಿ. ಸ್ಕ್ಯಾನ್ ಆದ ಮೇಲೆ ಕಾಗದ ಯಾಕೆ ಬೇಕು ಅನ್ನುವವರು ನಮ್ಮಲ್ಲೇ ಇದ್ದಾರೆ. ಸಂಪುಟ ಬಂದ ಮೇಲೆ ಕಲ್ಲು ಯಾಕೆ ಬೇಕು ಅಂತ ಸುಮ್ಮನಿದ್ದದ್ದಕ್ಕೇ, ಮತ್ತೆ ಓದಿ ತಪ್ಪು ತಿದ್ದೋಕೆ ಎಷ್ಟೋ ಕಡೆ ಇವತ್ತು ಕಲ್ಲೇ ಇಲ್ಲ.

9ನೇ ಸಂಪುಟ ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಕಡೆಯ ಗೆಳೆಯರು ನಿಮ್ಮ ಊರಿನ ಹೆಸರು ಹುಡುಕಿ ನೋಡಿ. ಸಂಖ್ಯೆ ಸಿಕ್ಕಿದರೆ, ರಜಕ್ಕೆ ಊರಿಗೆ ಹೋದಾಗ ಕಲ್ಲು ಇನ್ನೂ ಇದೆಯಾ ಅಂತ ಅಜ್ಜ ಅಜ್ಜಿಯನ್ನು ಕೇಳಿ. ಇದ್ದರೆ ಒಂದು ಫೋಟೋ, ಜಾಗದ ಲೊಕೇಶನ್ ಸಮೇತ, ಕ್ಲಬ್ಬಿಗೆ ಕಳಿಸಿ. ಸುಣ್ಣ, ಸೀಮೆಸುಣ್ಣ, ಪೇಂಟ್ ಯಾವುದನ್ನೂ ಅಕ್ಷರದ ಮೇಲೆ ಹಚ್ಚಬೇಡಿ. ನೀರು ಚಿಮುಕಿಸಿ, ಸಂಜೆ ಬೆಳಕು ಪಕ್ಕದಿಂದ ಬೀಳುವಾಗ ನಿಂತು ನೋಡಿದರೆ ಸಾಕು, ಅಕ್ಷರ ತಾನಾಗಿಯೇ ಕಾಣುತ್ತೆ.