ಭಯದ ನೆನಪಿನ ಬೇರು ಹುಡುಕಿದ ಇವಾನ್ ಪಾವ್ಲೋವ್

ವಿಶ್ವವಿಖ್ಯಾತ ಶರೀರವಿಜ್ಞಾನಿ ಇವಾನ್ ಪೆಟ್ರೋವಿಚ್ ಪಾವ್ಲೋವ್ ಅವರು 1849ರ ಸೆಪ್ಟೆಂಬರ್ 26ರಂದು ರಷ್ಯಾದ ರಿಯಾಜಾನ್ ಪಟ್ಟಣದಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದರು. ಧರ್ಮಶಾಸ್ತ್ರದ ವಿದ್ಯಾರ್ಥಿಯಾಗಿದ್ದ ಅವರು ವಿಜ್ಞಾನದ ಸೆಳೆತಕ್ಕೊಳಗಾಗಿ 1870ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯವನ್ನು ಸೇರಿದರು. ಜೀರ್ಣಕ್ರಿಯೆಯ ಕುರಿತ ಸಂಶೋಧನೆಗೆ 1904ರಲ್ಲಿ ನೊಬೆಲ್ ಪ್ರಶಸ್ತಿ ಅವರನ್ನರಸಿ ಬಂದಿತು.

ಆಹಾರದೊಡನೆ ಮತ್ತೆ ಮತ್ತೆ ಕೇಳಿಸಿದ ಸದ್ದು ಕ್ರಮೇಣ ತಾನೊಂದೇ ನಾಯಿಯ ಬಾಯಲ್ಲಿ ಜೊಲ್ಲು ಸುರಿಸಬಲ್ಲದೆಂಬುದನ್ನು ಪಾವ್ಲೋವ್ ತೋರಿಸಿಕೊಟ್ಟರು. ಆಹಾರವಿಲ್ಲದೆ ಸದ್ದನ್ನಷ್ಟೇ ಕೇಳಿಸುತ್ತಿದ್ದರೆ ಆ ಅಭ್ಯಾಸ ಅಡಗುತ್ತಿತ್ತು. ಕೆಲಕಾಲ ಬಿಟ್ಟರೆ ಮರಳಿ ತಲೆಯೆತ್ತುತ್ತಿತ್ತು. ಕಲಿತದ್ದು ಅಳಿಯುವುದಿಲ್ಲ, ಅದುಮಲ್ಪಡುತ್ತದೆ ಎಂಬ ಮಹತ್ತ್ವದ ಸತ್ಯ ಇದರಿಂದ ಹೊರಬಿದ್ದಿತು.

1924ರ ಸೆಪ್ಟೆಂಬರ್‌ನಲ್ಲಿ ಲೆನಿನ್‌ಗ್ರಾಡ್ ನಗರಕ್ಕೆ ಭೀಕರ ನೆರೆ ಬಂದಾಗ ಪ್ರಯೋಗಾಲಯದ ನಾಯಿಗಳ ಗೂಡುಗಳೂ ಜಲಾವೃತವಾದವು. ಸಹಾಯಕರು ಅವುಗಳನ್ನು ನೀರಿನಲ್ಲಿ ಈಜಿಸುತ್ತಾ ಸುರಕ್ಷಿತ ಕಟ್ಟಡಕ್ಕೆ ತಂದರು. ಪ್ರಾಣವೇನೋ ಉಳಿಯಿತು, ಆದರೆ ಕೆಲವು ನಾಯಿಗಳು ಕಲಿತದ್ದನ್ನೆಲ್ಲ ಕಳೆದುಕೊಂಡಿದ್ದವು. ತಾಳ್ಮೆಯ ಆರೈಕೆಯಿಂದ ಅವು ಚೇತರಿಸಿಕೊಂಡ ಮೇಲೆ, ಬಾಗಿಲ ಕೆಳಗಿನಿಂದ ಸ್ವಲ್ಪ ನೀರು ಹರಿದು ಬರುವಂತೆ ಮಾಡಲಾಯಿತು. ಅಷ್ಟಕ್ಕೇ ನಾಯಿ ತಲ್ಲಣಿಸಿ, ಮರಳಿ ಪಡೆದಿದ್ದ ಕಲಿಕೆಯನ್ನು ಮತ್ತೆ ಕಳೆದುಕೊಂಡಿತು.

ಮೆದುಳಿನಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದು ತಿಳಿದುಬಂದದ್ದು 1936ರ ಫೆಬ್ರವರಿ 27ರಂದು ಪಾವ್ಲೋವ್ ನಿಧನರಾಗಿ ಎಷ್ಟೋ ವರ್ಷಗಳಾದ ನಂತರ. ಅಪಾಯವನ್ನು ಅದರ ಸುಳಿವಿನೊಡನೆ ಬೆಸೆಯುವುದು ಅಮಿಗ್ಡಲಾ ಎಂಬ ಪುಟ್ಟ ಭಾಗ. ಅದು ಸಂಭವಿಸಿದ ಸ್ಥಳ, ಸನ್ನಿವೇಶಗಳ ಚಿತ್ರವನ್ನು ಒದಗಿಸುವುದು ಹಿಪ್ಪೊಕ್ಯಾಂಪಸ್. 1992ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಹಿಪ್ಪೊಕ್ಯಾಂಪಸ್‌ಗೆ ಹಾನಿಯಾದ ಇಲಿಗಳು ವಿದ್ಯುತ್ ಆಘಾತದ ಮುನ್ಸೂಚನೆಯಾದ ಸದ್ದಿಗೆ ಹೆದರಿದವು. ಆಘಾತವಾದ ಸ್ಥಳಕ್ಕೆ ಮಾತ್ರ ಹೆದರಲಿಲ್ಲ. ಹಣೆಯ ಹಿಂಭಾಗದ ಮೆದುಳಿನ ಹೊರಪದರವು ಹಳೆಯ ಭಯಕ್ಕೆ ಕಡಿವಾಣ ಹಾಕುತ್ತದೆ. ಆದರೆ ಆ ಕಡಿವಾಣವೂ ಸನ್ನಿವೇಶಕ್ಕೆ ಅಂಟಿಕೊಂಡದ್ದು. ಸುರಕ್ಷಿತ ಕೋಣೆಯಲ್ಲಿ ಅಡಗಿದ ಭಯ, ಹಳೆಯ ಜಾಗಕ್ಕೆ ಕಾಲಿಟ್ಟೊಡನೆ ಮರುಕಳಿಸಬಹುದು.

ಅಪಘಾತವನ್ನೋ ನೆರೆಯನ್ನೋ ಅನುಭವಿಸಿದವರು ವರ್ಷಗಳ ನಂತರವೂ ಅದೇ ತಿರುವಿನಲ್ಲಿ, ಅದೇ ಮಳೆಯ ಸದ್ದಿಗೆ ನಡುಗಿದರೆ ಅದು ಮನೋದೌರ್ಬಲ್ಯವಲ್ಲ, ಮೆದುಳಿನ ಸಹಜ ಕಾವಲು. ಅಂಥವರಿಗೆ ಬೇಕಾದುದು ಬುದ್ಧಿವಾದವಲ್ಲ. ಸುರಕ್ಷತೆಯನ್ನು ಮತ್ತೆ ಮತ್ತೆ ಅನುಭವಕ್ಕೆ ತಂದುಕೊಡುವ ತಾಳ್ಮೆಯ ಚಿಕಿತ್ಸೆ ಮತ್ತು ಮನೆಯವರ ಆಸರೆ.