ಅರ್ಧ ಮೂಟೆ ಸಿಮೆಂಟ್ ತೂಕದ ಚಾಸಿ: ಗ್ಯಾರೇಜಿನಲ್ಲಿ ರೇಸ್ ಕಾರು ಕಟ್ಟಿದ ಕಾಲಿನ್ ಚಾಪ್‌ಮನ್ ಕಥೆ

ನಂಜನಗೂಡು: ಒಂದು ಮೂಟೆ ಸಿಮೆಂಟ್ ಅಂದ್ರೆ 50 ಕೆ.ಜಿ. ಅದರ ಅರ್ಧ, ಸುಮಾರು 25 ಕೆ.ಜಿ. ತೂಕದ ಉಕ್ಕಿನ ಚೌಕಟ್ಟಿನ ಮೇಲೆ ಎಂಜಿನ್ ಕೂರಿಸಿ, ನಾಲ್ಕು ಚಕ್ರ ಹಾಕಿ ರೇಸ್ ಗೆಲ್ಲಬಹುದು ಅಂತ ಹೇಳಿದರೆ ನಮ್ಮೂರಿನ ಗ್ರಿಲ್-ಗೇಟ್ ವೆಲ್ಡಿಂಗ್ ಷಾಪಿನವರೇ ನಕ್ಕುಬಿಟ್ಟಾರು. 1952ರಲ್ಲಿ ಲಂಡನ್ನಿನಲ್ಲಿ 24ರ ಆಸುಪಾಸಿನ ಒಬ್ಬ ಯುವಕ ಇದನ್ನೇ ಮಾಡಿ ತೋರಿಸಿದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಅದೇ ಕಾರನ್ನು ಬಿಡಿಬಿಡಿಯಾಗಿ, ಮನೆಯಲ್ಲೇ ಜೋಡಿಸಿಕೊಳ್ಳಿ ಅಂತ ಊರವರಿಗೆಲ್ಲ ಮಾರಿದ. ಆತನೇ ಲೋಟಸ್ ಕಾರು ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್. ಹಳೇ ಬೈಕು, ಜೀಪು ಬಿಚ್ಚಿ ಮತ್ತೆ ಕಟ್ಟುವ ಹುಚ್ಚಿರುವ ಹುಡುಗರು ನಂಜನಗೂಡಿನಲ್ಲೂ ಇದ್ದಾರೆ, ಟಿ.ನರಸೀಪುರದಲ್ಲೂ ಇದ್ದಾರೆ. ಅವರೆಲ್ಲ ತಿಳಿದಿರಬೇಕಾದ ಬದುಕು ಇದು. ಅದರ ಒಳ್ಳೇ ಭಾಗವೂ ಗೊತ್ತಿರಲಿ, ಕೆಟ್ಟ ಭಾಗವೂ ಗೊತ್ತಿರಲಿ.

ಚಾಪ್‌ಮನ್ ಹುಟ್ಟಿದ್ದು 1928ರ ಮೇ 19ರಂದು, ಲಂಡನ್ ಮಗ್ಗುಲಿನ ರಿಚ್‌ಮಂಡ್‌ನಲ್ಲಿ. ಬೆಳೆದದ್ದು ಉತ್ತರ ಲಂಡನ್ನಿನ ಹಾರ್ನ್ಸಿಯಲ್ಲಿ. ಅಲ್ಲಿ ಅವರ ತಂದೆ ರೈಲ್ವೆ ಹೋಟೆಲ್ ಅನ್ನೋ ಹೆಸರಿನ ಬಾರ್ ನಡೆಸುತ್ತಿದ್ದರು. ಯೂನಿವರ್ಸಿಟಿ ಕಾಲೇಜಿನಲ್ಲಿ ಓದಿದ್ದು ಸ್ಟ್ರಕ್ಚರಲ್ ಎಂಜಿನಿಯರಿಂಗ್, ಅಂದರೆ ಸೇತುವೆ, ಕಟ್ಟಡ ಬೀಳದ ಹಾಗೆ ನಿಲ್ಲಿಸುವ ವಿದ್ಯೆ. ಆದರೆ ಹುಡುಗನ ಗಮನವೆಲ್ಲ ಹಳೇ ಕಾರು ಕೊಂಡು ಮಾರುವುದರ ಮೇಲೆ. ಕ್ಲಾಸ್‌ಮೇಟ್ ಒಬ್ಬನ ಜೊತೆ ಪಾಲುದಾರಿಕೆಯಲ್ಲಿ ವ್ಯಾಪಾರ ಚೆನ್ನಾಗಿಯೇ ನಡೆದಿತ್ತು. 1947ರಲ್ಲಿ ಬ್ರಿಟಿಷ್ ಸರ್ಕಾರ ಸಾಮಾನ್ಯ ಜನರ ಪೆಟ್ರೋಲ್ ರೇಷನ್ ನಿಲ್ಲಿಸಿತು ನೋಡಿ, ಹಳೇ ಕಾರಿನ ರೇಟು ನೆಲ ಕಚ್ಚಿತು. ಕೂಡಿಟ್ಟ ದುಡ್ಡೆಲ್ಲ ಹೋಯಿತು. ಕೊನೆಗೆ ಕೈಯಲ್ಲಿ ಉಳಿದದ್ದು ಯಾರೂ ಕೊಳ್ಳದ ಒಂದು ಹಳೇ ಆಸ್ಟಿನ್ ಸೆವೆನ್. ಅದರ ಹಿಂದೆಯೇ 1948ರಲ್ಲಿ ಫೈನಲ್ ಪರೀಕ್ಷೆಯಲ್ಲೂ ಪೆಟ್ಟು ಬಿತ್ತು. ಫೇಲಾದದ್ದು ಯಾವುದರಲ್ಲಿ ಅಂತೀರಿ? ಲೆಕ್ಕದ ಪೇಪರಿನಲ್ಲಿ. ಮುಂದೆ ಪ್ರಪಂಚದ ದೊಡ್ಡ ದೊಡ್ಡ ಕಾರು ಕಂಪನಿಗಳ ಲೆಕ್ಕ ತಲೆಕೆಳಗು ಮಾಡಿದವರು ಡಿಗ್ರಿ ಇಲ್ಲದೇ ಕಾಲೇಜಿನಿಂದ ಹೊರಬಂದರು. ಆ ಪೇಪರನ್ನು ಆಮೇಲೆ ಮತ್ತೆ ಬರೆದು ಪಾಸ್ ಮಾಡಿಕೊಂಡರು, ಅದು ಬೇರೆ ಮಾತು.

ಮಾರಾಟವಾಗದ ಆ ಆಸ್ಟಿನ್ನೇ ಮೊದಲ ಲೋಟಸ್ ಆಯಿತು. ಪ್ರೇಯಸಿ ಹೇಝಲ್ ವಿಲಿಯಮ್ಸ್ ಅವರ ಅಪ್ಪ-ಅಮ್ಮನ ಮನೆ ಹಿಂದೆ ಒಂದು ಗ್ಯಾರೇಜು ಇತ್ತು. ಅಲ್ಲಿ ಕಾರಿನ ಮೇಲ್ಮೈಯನ್ನೆಲ್ಲ ಕಿತ್ತು, ಪ್ಲೈವುಡ್‌ಗೆ ಅಲ್ಯೂಮಿನಿಯಂ ತಗಡು ಅಂಟಿಸಿ ಹಗುರವಾದ ಹೊಸ ಬಾಡಿ ಕಟ್ಟಿದರು. ನಂಬರ್ ಓಎಕ್ಸ್ 9292. ಆ ಕಾರಿನಲ್ಲೇ ಕೆಸರು ದಿಬ್ಬ ಹತ್ತುವ ಸ್ಪರ್ಧೆಗಳಿಗೆ ಹೋಗುತ್ತಿದ್ದರು. ಲೋಟಸ್ ಅಂದರೆ ತಾವರೆ. ಆ ಹೆಸರು ಯಾಕೆ ಇಟ್ಟರು ಅನ್ನೋದನ್ನು ಅವರು ಕಡೆವರೆಗೂ ಬಿಟ್ಟುಕೊಡಲಿಲ್ಲ.

ನಿಯಮದ ಸಂದಿ ಹುಡುಕುವ ಕಣ್ಣು

ಚಾಪ್‌ಮನ್ ಎಂಥವರು ಅಂತ ತಿಳಿಯಬೇಕಾದರೆ 1951ರ ಕಥೆ ಕೇಳಬೇಕು. ಆಸ್ಟಿನ್ ಸೆವೆನ್ ಎಂಜಿನ್ನಿನ ಮೇಲೇ ನಡೆಯುವ ಸಣ್ಣ ರೇಸ್‌ಗಳಿದ್ದವು. ಆ ಎಂಜಿನ್ನಿಗೆ ನಾಲ್ಕು ಸಿಲಿಂಡರ್, ಆದರೆ ಪೆಟ್ರೋಲ್-ಗಾಳಿ ಒಳಗೆ ಹೋಗೋಕೆ ಇದ್ದದ್ದು ಎರಡೇ ದಾರಿ. ಒಂದು ದಾರಿಯಲ್ಲಿ ಎರಡು ಸಿಲಿಂಡರ್ ಪಾಲು ಪಡೆಯಬೇಕು. ಒಂದು ಎಳೆದುಕೊಂಡರೆ ಇನ್ನೊಂದಕ್ಕೆ ಕಮ್ಮಿ. ಎಂಜಿನ್ ಬದಲಾಯಿಸುವ ಹಾಗಿಲ್ಲ ಅಂತ ನಿಯಮ. ಚಾಪ್‌ಮನ್ ಎಂಜಿನ್ ಬದಲಾಯಿಸಲಿಲ್ಲ, ಆ ದಾರಿಯ ನಡುವೆ ಒಂದು ತೆಳು ತಗಡು ನಿಲ್ಲಿಸಿ ಎರಡನ್ನು ನಾಲ್ಕು ಮಾಡಿದರು. ಮಾರ್ಕ್ 3 ಅನ್ನೋ ಆ ಕಾರನ್ನು ಯಾರೂ ಹಿಡಿಯೋಕೆ ಆಗಲಿಲ್ಲ. ಕೊನೆಗೆ ರೇಸ್ ನಡೆಸುತ್ತಿದ್ದ ಕ್ಲಬ್ಬೇ ಈ ಉಪಾಯವನ್ನು ನಿಷೇಧಿಸಬೇಕಾಯಿತು. ಮೋಸ ಅನ್ನೋ ಹಾಗಿಲ್ಲ, ನ್ಯಾಯ ಅನ್ನೋಕೂ ಬಾಯಿ ಬರಲ್ಲ, ಹಂಗಿತ್ತು ಅದು.

1952ರ ಜನವರಿ 1ಕ್ಕೆ ಲೋಟಸ್ ಎಂಜಿನಿಯರಿಂಗ್ ಶುರುವಾಯಿತು. ಬಂಡವಾಳ 25 ಪೌಂಡ್, ಅದೂ ಹೇಝಲ್ ಕೊಟ್ಟ ಸಾಲ. ಅಂದಿನ ಲೆಕ್ಕದಲ್ಲಿ ನಮ್ಮ ದುಡ್ಡು ಸುಮಾರು 333 ರೂಪಾಯಿ. ವರ್ಕ್‌ಷಾಪ್ ಅಪ್ಪನ ಬಾರಿನ ಹಿಂದಿದ್ದ ಹಳೇ ಕುದುರೆ ಲಾಯ. ಹಗಲು ಚಾಪ್‌ಮನ್ ಬ್ರಿಟಿಷ್ ಅಲ್ಯೂಮಿನಿಯಂ ಕಂಪನಿಯಲ್ಲಿ ನೌಕರಿ ಮಾಡುತ್ತಿದ್ದರು, ಕಾರಿನ ಕೆಲಸಕ್ಕೆ ಉಳಿದದ್ದು ರಾತ್ರಿ.

ಆ ಲಾಯದಿಂದ ಬಂದದ್ದೇ ಮಾರ್ಕ್ 6. ಟಿ.ನರಸೀಪುರದ ಕಡೆ ಅಕ್ಕಿ ಗಿರಣಿಯೊಳಗೆ ನಿಂತು ತಲೆ ಎತ್ತಿ ನೋಡಿದರೆ ಅಷ್ಟು ಅಗಲದ ಶೀಟ್ ಛಾವಣಿಯನ್ನು ಸಣ್ಣ ಸಣ್ಣ ಆಂಗಲ್‌ಗಳು ಹೊತ್ತು ನಿಂತಿರುತ್ತವೆ. ಒಂದೊಂದನ್ನೂ ಬಿಡಿಯಾಗಿ ಹಿಡಿದರೆ ಬಗ್ಗಿಸಿಬಿಡಬಹುದು. ತ್ರಿಕೋನವಾಗಿ ಕೂಡಿಸಿದಾಗ ಮಾತ್ರ ಜಗ್ಗಲ್ಲ. ಚಾಪ್‌ಮನ್ ಕಾರಿಗೆ ಮಾಡಿದ್ದೂ ಅಷ್ಟೇ. ದಪ್ಪ ಗರ್ಡರಿನ ಚಾಸಿ ಬಿಟ್ಟು, ತೆಳು ಉಕ್ಕಿನ ಪೈಪುಗಳನ್ನು ತ್ರಿಕೋನ ತ್ರಿಕೋನವಾಗಿ ಬೆಸೆದರು. ಬರೀ ಚೌಕಟ್ಟು 25 ಕೆ.ಜಿ., ಎಂಜಿನ್, ಚಕ್ರ ಎಲ್ಲ ಸೇರಿ ಕಾರು ಐದು ಕ್ವಿಂಟಾಲಿನ ಒಳಗೆ. ನಮ್ಮ ಹಳೇ ಮಾರುತಿ 800 ಆರೂವರೆ ಕ್ವಿಂಟಾಲ್ ಬರುತ್ತೆ, ಹೋಲಿಸಿಕೊಳ್ಳಿ.

ಹಗುರವಾದರೆ ಏನು ಲಾಭ? ಹಿಂದೆ ಒಂದು ಮೂಟೆ ಅಕ್ಕಿ ಹೇರಿಕೊಂಡು ಟಿವಿಎಸ್ ಎಕ್ಸ್‌ಎಲ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಏರು ಹತ್ತಲ್ಲ, ಬ್ರೇಕ್ ಹಿಡಿದರೆ ನಿಲ್ಲಲ್ಲ, ತಿರುವಿನಲ್ಲಿ ಹೊರಕ್ಕೆ ಎಳೆಯುತ್ತೆ. ಮೂಟೆ ಇಳಿಸಿದರೆ ಅದೇ ಗಾಡಿ ಬೇರೆ ಗಾಡಿ. ದೊಡ್ಡ ಎಂಜಿನ್ ಹಾಕಿದರೆ ನೇರ ದಾರಿಯಲ್ಲಿ ಮಾತ್ರ ಉಪಯೋಗ, ತೂಕ ಇಳಿಸಿದರೆ ಎಲ್ಲ ಕಡೆಯೂ ಉಪಯೋಗ.

ಇನ್ನು ಮಾರಾಟದ ಬುದ್ಧಿವಂತಿಕೆ. ಇದನ್ನು ಅಂಗಡಿಯವರು ಗಮನವಿಟ್ಟು ಓದಬೇಕು. ಆಗ ಬ್ರಿಟನ್ನಿನಲ್ಲಿ ಹೊಸ ಕಾರಿಗೆ ಭಾರಿ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡು ಗಿರಾಕಿಯೇ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ. 1957ರಲ್ಲಿ ಬಂದ ಲೋಟಸ್ ಸೆವೆನ್ ತೆರಿಗೆ ಸಮೇತ ಪೂರ್ತಿ ಕಾರಾದರೆ 1,036 ಪೌಂಡ್, ಬಿಡಿಭಾಗಗಳಾಗಿ ಕೊಂಡರೆ 536. ಹತ್ತಿರ ಹತ್ತಿರ ಅರ್ಧ ರೇಟು! ಜೋಡಿಸುವ ವಿಧಾನ ಬರೆದುಕೊಟ್ಟರೆ ತೆರಿಗೆಯವರು ಬಿಡೋದಿಲ್ಲ ಅಂತ, ಕಾರು ಬಿಚ್ಚುವ ವಿಧಾನ ಬರೆದು ಕೊಡುತ್ತಿದ್ದರಂತೆ. ಗಿರಾಕಿ ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರಾಯಿತು. ಸೆವೆನ್‌ಗೆ ಬಾಗಿಲಿಲ್ಲ, ಸರಿಯಾದ ಛಾವಣಿ ಇಲ್ಲ, ಫೋರ್ಡಿನ ಸಾಧಾರಣ 1,172 ಸಿಸಿ ಎಂಜಿನ್. ಶನಿವಾರ ಮನೆಯಲ್ಲಿ ನಟ್ಟು ಬಿಗಿದು ಭಾನುವಾರ ಟ್ರ್ಯಾಕಿಗೆ ಓಡಿಸಿಕೊಂಡು ಹೋಗುವ ಕಾರು ಅದು. ಲೋಟಸ್ ಅಂಥವು ಸುಮಾರು 2,500 ಮಾಡಿತು.

ಗೆಲುವೂ ಹಗುರ, ಸಾವೂ ಹತ್ತಿರ

ಫಾರ್ಮುಲಾ ಒನ್‌ಗೆ ಲೋಟಸ್ ಇಳಿದದ್ದು 1958ರಲ್ಲಿ. 1962ರಲ್ಲಿ ಪೈಪಿನ ಚೌಕಟ್ಟನ್ನೂ ಕೈಬಿಟ್ಟು, ಎಣ್ಣೆ ಡಬ್ಬದ ಹಾಗೆ ಹೊರಗಿನ ತಗಡೇ ಭಾರ ಹೊರುವ ಲೋಟಸ್ 25 ತಂದರು. ಕುರಿ ಸಾಕುವ ಸ್ಕಾಟ್ಲೆಂಡಿನ ರೈತ ಜಿಮ್ ಕ್ಲಾರ್ಕ್ ಅದರಲ್ಲಿ 1963ರ ವಿಶ್ವ ಚಾಂಪಿಯನ್ ಆದರು, 1965ರಲ್ಲಿ ಮತ್ತೊಮ್ಮೆ ಪಟ್ಟ ಗೆದ್ದರು. ಅದೇ ವರ್ಷ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸನ್ನೂ ಗೆದ್ದರು. ಚಾಪ್‌ಮನ್ ಕಾಲದಲ್ಲಿ ಲೋಟಸ್‌ಗೆ ಏಳು ತಂಡ ಪ್ರಶಸ್ತಿ ಬಂದವು. ಆ ಪಟ್ಟಿ ಇಲ್ಲಿ ಬೇಡ, ಇನ್ನೊಂದು ಪಟ್ಟಿ ನೋಡಬೇಕು.

1960ರಲ್ಲಿ ಬೆಲ್ಜಿಯಂನ ಸ್ಪಾ ಟ್ರ್ಯಾಕಿನಲ್ಲಿ ಸ್ಟರ್ಲಿಂಗ್ ಮಾಸ್ ಓಡಿಸುತ್ತಿದ್ದ ಲೋಟಸ್‌ನ ಚಕ್ರ ಕಳಚಿ ಅವರ ಎರಡೂ ಕಾಲು ಮುರಿದವು. ಅದೇ ದಿನ ಮೈಕ್ ಟೇಲರ್ ಅನ್ನುವವರ ಲೋಟಸ್‌ನಲ್ಲಿ ಸ್ಟೀರಿಂಗ್ ಕಾಲಂ ಮುರಿಯಿತು. ಒಂದು ವೆಲ್ಡಿಂಗ್ ಕೈಕೊಟ್ಟದ್ದಕ್ಕೆ ಟೇಲರ್ ರೇಸಿಂಗ್ ಬದುಕೇ ಮುಗಿಯಿತು, ಅವರು ಲೋಟಸ್ ಮೇಲೆ ಕೇಸ್ ಹಾಕಿ ಗೆದ್ದರು. 1968ರ ಏಪ್ರಿಲ್ 7ರಂದು ಜರ್ಮನಿಯಲ್ಲಿ ಜಿಮ್ ಕ್ಲಾರ್ಕ್ ತೀರಿಕೊಂಡರು. ಅದಕ್ಕೆ ಟೈರು ಕಾರಣ ಇರಬೇಕು ಅನ್ನುತ್ತಾರೆ. ಚಾಪ್‌ಮನ್‌ಗೆ ಅವರು ಆಪ್ತ ಸ್ನೇಹಿತ.

ಯೋಹೆನ್ ರಿಂಟ್ ಕಥೆ ಇನ್ನೂ ಕಷ್ಟ. 1969ರಲ್ಲಿ ಬಾರ್ಸಿಲೋನಾದಲ್ಲಿ ರೆಕ್ಕೆ ಮುರಿದು ಅಪಘಾತವಾದ ಮೇಲೆ, ಕಾರಿನ ಭಾಗಗಳು ತೀರಾ ಬಡಕಲಾಗಿವೆ, ಇವನ್ನು ಗಟ್ಟಿ ಮಾಡಿ ಅಂತ ಅವರು ಚಾಪ್‌ಮನ್‌ಗೆ ಪತ್ರವನ್ನೇ ಬರೆದಿದ್ದರು. 1970ರ ಸೆಪ್ಟೆಂಬರ್ 5ರಂದು ಇಟಲಿಯ ಮೊನ್ಜಾದಲ್ಲಿ ಅಭ್ಯಾಸದ ವೇಳೆ ಬ್ರೇಕ್ ಶಾಫ್ಟ್ ತುಂಡಾಗಿ ಕಾರು ಬ್ಯಾರಿಯರ್‌ಗೆ ನುಗ್ಗಿತು. ರಿಂಟ್ ಉಳಿಯಲಿಲ್ಲ. ಆ ವರ್ಷದ ಚಾಂಪಿಯನ್ ಪಟ್ಟ ಸತ್ತ ಮೇಲೆ ಅವರಿಗೆ ಬಂತು. ಇಟಲಿಯಲ್ಲಿ ಚಾಪ್‌ಮನ್ ವಿರುದ್ಧ ನಡೆದ ಕೇಸು ವರ್ಷಗಳ ನಂತರ ಖುಲಾಸೆಯಾಯಿತು. ಕಾನೂನು ಬಿಟ್ಟರೂ ಆ ಪತ್ರ ಇದ್ದೇ ಇದೆ. ತೂಕ ಇಳಿಸುವವರಿಗೆ ಎಲ್ಲಿ ನಿಲ್ಲಿಸಬೇಕು ಅನ್ನೋದೂ ಗೊತ್ತಿರಬೇಕಿತ್ತು. ಚಾಪ್‌ಮನ್ ಅದನ್ನು ಹಲವು ಸಲ ದಾಟಿದರು ಅಂತಲೇ ಹೇಳಬೇಕಾಗುತ್ತೆ. ಬೆಲೆ ಕೊಟ್ಟವರು ಸೀಟಿನಲ್ಲಿ ಕೂತವರು.

ದುಡ್ಡಿನ ವಿಷಯದಲ್ಲೂ ಸಂದಿ ಹುಡುಕುವ ಚಾಳಿ ಬಿಡಲಿಲ್ಲ. ಬ್ರಿಟಿಷ್ ಸರ್ಕಾರದ ಹಣ ಪಡೆದು ಉತ್ತರ ಐರ್ಲೆಂಡಿನಲ್ಲಿ ಕಾರ್ಖಾನೆ ಹಾಕಿದ ಅಮೆರಿಕದ ಜಾನ್ ಡಿಲೋರಿಯನ್ ಅವರ ಕಾರನ್ನು ತಯಾರಿಗೆ ಸಿದ್ಧ ಮಾಡಿಕೊಟ್ಟದ್ದು ಲೋಟಸ್. ಆ ಕೆಲಸದ ಹೆಸರಿನಲ್ಲಿ ಕೋಟಿಗಟ್ಟಲೆ ಡಾಲರ್ ಪನಾಮಾದಲ್ಲಿ ನೋಂದಾಯಿತವಾದ ಕಂಪನಿಯೊಂದರ ಮೂಲಕ ಮಾಯವಾಯಿತು. 1982ರಲ್ಲಿ ಡಿಲೋರಿಯನ್ ಕಂಪನಿ ಮುಳುಗಿತು, ತನಿಖೆ ಹತ್ತಿರವಾಗುತ್ತಿತ್ತು. ಆ ವರ್ಷದ ಡಿಸೆಂಬರ್ 16ರಂದು ಚಾಪ್‌ಮನ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಬರೀ 54. ಹತ್ತು ವರ್ಷದ ಮೇಲೆ ಲೋಟಸ್‌ನ ಹಣಕಾಸು ನೋಡುತ್ತಿದ್ದ ಫ್ರೆಡ್ ಬುಶೆಲ್‌ಗೆ ಜೈಲಾಯಿತು. ಚಾಪ್‌ಮನ್ ಬದುಕಿದ್ದಿದ್ದರೆ ಕನಿಷ್ಠ ಹತ್ತು ವರ್ಷ ಒಳಗಿರುತ್ತಿದ್ದರು ಅಂತ ನ್ಯಾಯಾಧೀಶರೇ ಹೇಳಿದರು.

ಸೆವೆನ್ ಮಾತ್ರ ಸಾಯಲಿಲ್ಲ. 1973ರಲ್ಲಿ ಖರೀದಿ ತೆರಿಗೆ ಹೋಗಿ ವ್ಯಾಟ್ ಬಂದಾಗ ಬಿಡಿಭಾಗದ ಲಾಭ ತಪ್ಪಿತು, ಲೋಟಸ್ ಅದರ ಹಕ್ಕನ್ನು ಕೇಟರ್‌ಹ್ಯಾಮ್ ಅನ್ನೋ ಡೀಲರ್‌ಗೆ ಮಾರಿತು. ಅವರದು ಇವತ್ತಿಗೂ ನಡೆಯುತ್ತಿದೆ. 1996ರಲ್ಲಿ ರಾನ್ ಚಾಂಪಿಯನ್ ಅನ್ನೋ ಇಂಗ್ಲೆಂಡಿನ ಮೇಷ್ಟ್ರು, 250 ಪೌಂಡಿನಲ್ಲೇ ಇಂಥ ಕಾರು ಮನೆಯಲ್ಲಿ ಕಟ್ಟುವುದು ಹೇಗೆ ಅಂತ ಪುಸ್ತಕ ಬರೆದ ಮೇಲೆ ಎಷ್ಟೋ ದೇಶಗಳ ಗ್ಯಾರೇಜುಗಳಲ್ಲಿ ಪೈಪು ಕತ್ತರಿಸುವ ಸದ್ದು ಶುರುವಾಯಿತು.

ನಮಗೆ ಹತ್ತಿರದ ಉದಾಹರಣೆ ಬೇಕಾದರೆ ಚಾಮರಾಜನಗರ ದಾಟಿ ದಿಂಬಂ ಘಾಟ್ ಇಳಿದರೆ ಸಿಗುವ ಕೊಯಮತ್ತೂರು. ಅಲ್ಲಿಯ ಎಸ್.ಕರಿವರ್ಧನ್ ಮಾರುತಿ 800ರ ಎಂಜಿನ್ ಇಟ್ಟು ಒಂದೇ ಸೀಟಿನ ರೇಸ್ ಕಾರು ಕಟ್ಟಿಸಿದರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಅವರ ಹೆಸರಿನಲ್ಲೇ ಅಲ್ಲಿಯ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಆದರೆ ಒಂದು ಎಚ್ಚರ. ಮನೆಯಲ್ಲಿ ಕಟ್ಟಿದ ಕಾರಿಗೆ ಮಾದರಿ ಪರೀಕ್ಷೆ ಇಲ್ಲದೆ ಆರ್‌ಟಿಒದಲ್ಲಿ ನೋಂದಣಿ ಆಗಲ್ಲ. ಕಂಪನಿ ಗಾಡಿಯನ್ನು ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆಯಾಗಿ ಬದಲಾಯಿಸೋಕೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡಲ್ಲ. ಊಟಿ ರೋಡಿನಲ್ಲಿ ಪರೀಕ್ಷೆ ಮಾಡೋಕೆ ಹೋಗಬೇಡಿ. ಕಟ್ಟುವುದಿದ್ದರೆ ಟ್ರ್ಯಾಕಿಗೆ ಮಾತ್ರ ಕಟ್ಟಿ.

ಇನ್ನು ಆ ಮೊದಲ ಕಾರು, ಓಎಕ್ಸ್ 9292. 1950ರಲ್ಲಿ ಚಾಪ್‌ಮನ್ ಅದನ್ನು ಉತ್ತರ ಇಂಗ್ಲೆಂಡಿನ ಯಾರಿಗೋ ಮಾರಿದರು. ಅಲ್ಲಿಂದ ಮುಂದೆ ಸುಳಿವೇ ಇಲ್ಲ. 2018ರಲ್ಲಿ, 70 ವರ್ಷ ತುಂಬಿದಾಗ, ನಿಮ್ಮ ಷೆಡ್ಡು, ಗ್ಯಾರೇಜು, ಕೊಟ್ಟಿಗೆಯಲ್ಲಿ ಒಮ್ಮೆ ಹುಡುಕಿ ನೋಡಿ ಅಂತ ಲೋಟಸ್ ಕಂಪನಿ ಜನರನ್ನು ಕೇಳಿಕೊಂಡಿತು.