ಉಸಿರಿನ ಪೆಟ್ಟಿಗೆಯ ಫಿಲಿಪ್ ಡ್ರಿಂಕರ್

ವೈದ್ಯನಲ್ಲದ ಒಬ್ಬನು ವೈದ್ಯರ ಕೈಗೆ ಜೀವರಕ್ಷಕ ಸಾಧನವನ್ನು ಕೊಟ್ಟ ಕಥೆ ಇದು. ಫಿಲಿಪ್ ಡ್ರಿಂಕರರು ಹುಟ್ಟಿದ್ದು ೧೮೯೪ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಓದಿದ್ದು ರಸಾಯನ ಇಂಜಿನಿಯರಿಂಗ್. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಅವರು ಕೈಗೊಂಡ ಕೆಲಸ ಕಾರ್ಖಾನೆಗಳ ಧೂಳು, ಹೊಗೆಗಳನ್ನು ಕುರಿತದ್ದು. ವಿಷಾನಿಲದಿಂದಲೋ ವಿದ್ಯುತ್ತಿನ ಆಘಾತದಿಂದಲೋ ಉಸಿರು ನಿಂತವರನ್ನು ಬದುಕಿಸುವುದು ಹೇಗೆಂಬ ಪ್ರಶ್ನೆ ಅಲ್ಲಿಯೇ ಅವರಿಗೆ ಎದುರಾಯಿತು.

ಆಗ ಪೋಲಿಯೋ ಅಲ್ಲಿನ ಮಕ್ಕಳ ಪಾಲಿಗೆ ಮಾರಿಯಾಗಿತ್ತು. ಎದೆಯ ಸ್ನಾಯುಗಳು ಸೋತ ಮಗು ಹೆತ್ತವರ ಕಣ್ಣೆದುರಿಗೇ ಉಸಿರುಗಟ್ಟಿ ಸಾಯುತ್ತಿತ್ತು. ಡ್ರಿಂಕರರು ಲೂಯಿ ಷಾ ಎಂಬ ಸಹೋದ್ಯೋಗಿಯೊಡನೆ ಮೊದಲು ಬೆಕ್ಕಿನ ಮೇಲೆ ಪ್ರಯೋಗ ನಡೆಸಿ, ಬಳಿಕ ಮನುಷ್ಯ ಮಲಗುವಷ್ಟು ದೊಡ್ಡ ಲೋಹದ ಪೆಟ್ಟಿಗೆಯೊಂದನ್ನು ಮಾಡಿಸಿದರು. ರೋಗಿಯ ತಲೆ ಮಾತ್ರ ಹೊರಗೆ. ಕುತ್ತಿಗೆಗೆ ರಬ್ಬರಿನ ಪಟ್ಟಿ. ಕಸ ಹೀರುವ ಯಂತ್ರದ ಮೋಟಾರುಗಳು ಪೆಟ್ಟಿಗೆಯ ಗಾಳಿಯನ್ನು ಎಳೆದಾಗ ಒಳಗಿನ ಒತ್ತಡ ಇಳಿದು ಎದೆ ತಾನಾಗಿ ಹಿಗ್ಗುತ್ತದೆ, ಮೂಗಿನಿಂದ ಗಾಳಿ ಒಳನುಗ್ಗುತ್ತದೆ. ಒತ್ತಡ ಮರಳಿದೊಡನೆ ಎದೆ ಕುಗ್ಗುತ್ತದೆ. ಕಮ್ಮಾರನ ತಿದಿಯನ್ನು ಬಲ್ಲವರಿಗೆ ಇದರ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ. ಗಂಟಲಿಗೆ ಕೊಳವೆಯಿಲ್ಲ, ಮೈಗೆ ಗಾಯವಿಲ್ಲ.

ಅಕ್ಟೋಬರ್ ೧೯೨೮. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಎಂಟು ವರ್ಷದ ಬಾಲಕಿಯೊಬ್ಬಳು ಪ್ರಜ್ಞೆ ತಪ್ಪಿ ನೀಲಿಗಟ್ಟಿದ್ದಳು. ಯಂತ್ರ ನಡೆಯತೊಡಗಿ ಒಂದೆರಡು ನಿಮಿಷಗಳಲ್ಲಿ ಅವಳ ಮುಖಕ್ಕೆ ಬಣ್ಣ ಬಂತು! ಆದರೆ ಕೆಲವೇ ದಿನಗಳಲ್ಲಿ ನ್ಯುಮೋನಿಯಾ ಅವಳನ್ನು ಕೊಂಡೊಯ್ದಿತು. ಸೋತ ಸ್ನಾಯುವಿನ ಕೆಲಸವನ್ನು ಯಂತ್ರ ಮಾಡಬಲ್ಲುದು; ಕೆಟ್ಟ ಶ್ವಾಸಕೋಶವನ್ನು ವಾಸಿಮಾಡಲಾರದು. ಮರುವರ್ಷ ಹಾರ್ವರ್ಡಿನ ವಿದ್ಯಾರ್ಥಿಯೊಬ್ಬನು ಇದೇ ಪೆಟ್ಟಿಗೆಯಿಂದ ಬದುಕಿ ಹೊರಬಂದನು.

ಮುಂದಿನದು ಅಷ್ಟು ಹಿತವಾದ ಅಧ್ಯಾಯವಲ್ಲ. ೧೯೩೧ರಲ್ಲಿ ಜಾನ್ ಎಮರ್ಸನ್ ಎಂಬಾತನು ಹಗುರವೂ ಅಗ್ಗವೂ ಆದ ಪೆಟ್ಟಿಗೆಯನ್ನು ತಯಾರಿಸಿದಾಗ, ಪೇಟೆಂಟಿನ ಹಕ್ಕಿಗಾಗಿ ಅವನ ಮೇಲೆ ದಾವೆ ಹೂಡಲಾಯಿತು. ಜೀವ ಉಳಿಸುವ ಸಾಧನ ಎಲ್ಲರಿಗೂ ಸೇರಿದ್ದೆಂದು ಎಮರ್ಸನ್ ವಾದಿಸಿದನು. ಡ್ರಿಂಕರರ ಪಕ್ಷ ಸೋತಿತು, ಪೇಟೆಂಟುಗಳೂ ಬಿದ್ದುಹೋದವು. ಡ್ರಿಂಕರರ ಮೇಲಿನ ಗೌರವ ಕುಂದದಿದ್ದರೂ ಈ ಸೋಲು ನ್ಯಾಯವೆಂದೇ ನನಗೆ ತೋರುತ್ತದೆ. ಬಡವನ ಮಗುವಿಗೆ ಬೇಕಾಗಿದ್ದುದು ಅಗ್ಗದ ಪೆಟ್ಟಿಗೆಯೇ.

೧೯೫೫ರಲ್ಲಿ ಸಾಕ್ ಲಸಿಕೆ ಬಂದ ಮೇಲೆ ಪೆಟ್ಟಿಗೆಗಳು ಒಂದೊಂದಾಗಿ ಮೂಲೆ ಸೇರಿದವು. ಡ್ರಿಂಕರರು ೧೯೭೨ರಲ್ಲಿ ತೀರಿಕೊಂಡರು. ೧೯೮೧ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್, ನಿದ್ರೆಯಲ್ಲಿ ಉಸಿರು ಕಟ್ಟುವವರಿಗೆ ಮೂಗಿನ ಮೂಲಕ ಒತ್ತಡದ ಗಾಳಿ ಕೊಡುವ ವಿಧಾನವನ್ನು ಪ್ರಕಟಿಸಿದರು. ಡ್ರಿಂಕರರು ಎದೆಯ ಹೊರಗಿನಿಂದ ಎಳೆದುದನ್ನು ಇಂದು ಆಸ್ಪತ್ರೆಗಳಲ್ಲಿ ಮುಖವಾಡದ ಮೂಲಕ ಒಳಕ್ಕೆ ತಳ್ಳುತ್ತಾರೆ. ಅದೂ ಸಾಲದೆ ರೋಗಿ ಬಳಲತೊಡಗಿದರೆ ವೈದ್ಯರು ತಡಮಾಡದೆ ಗಂಟಲಿಗೆ ಕೊಳವೆ ಇಳಿಸುತ್ತಾರೆ.